ಮೂರನೇ ವಾರಕ್ಕೇ ಸುಸ್ತು ಹಿಡಿಸಿದ ರಷ್ಯನ್ ಪ್ರೋಗ್ರಾಮ್: ಬಿಡಬೇಕಾ, ಮುಂದುವರಿಸಬೇಕಾ?

ಪ್ರಶ್ನೆ: ಸರ್, ನಾನು ಕಲಬುರಗಿಯವನು. ವಯಸ್ಸು 24, ತೂಕ 81 ಕೆಜಿ. ಕಪನೂರು ಇಂಡಸ್ಟ್ರಿಯಲ್ ಏರಿಯಾದ ಬೇಳೆ ಮಿಲ್ಲಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಸ್ಕ್ವಾಟ್ (ಬಾರ್ ಬೆನ್ನ ಮೇಲಿಟ್ಟು ಕೂತು ಏಳುವುದು) 170, ಬೆಂಚ್ (ಮಲಗಿ ಎದೆಯಿಂದ ಒತ್ತುವುದು) 110, ಡೆಡ್‌ಲಿಫ್ಟ್ (ನೆಲದಿಂದ ಎತ್ತುವುದು) 200 ಕೆಜಿ. ಮೇ ಕೊನೆಗೆ ನನ್ನ ಮೊದಲ ಪವರ್‌ಲಿಫ್ಟಿಂಗ್ ಸ್ಪರ್ಧೆ, 83 ಕೆಜಿ ವಿಭಾಗದಲ್ಲಿ. ಇನ್ನೂ 13 ವಾರ ಇದೆ. ರಷ್ಯನ್ ಕೋಚ್ ಶೇಕೋ ಅವರ, ವಾರಕ್ಕೆ ಮೂರು ದಿನದ ಪ್ರೋಗ್ರಾಮ್ ಹಿಡಿದಿದ್ದೇನೆ. ಮೊದಲ ವಾರ ಹೇಗೋ ಆಯಿತು. ಮೂರನೇ ವಾರಕ್ಕೆ ಸ್ಕ್ವಾಟ್‌ನಲ್ಲಿ, ಮ್ಯಾಕ್ಸ್‌ನ 80 ಪರ್ಸೆಂಟ್‌ನಲ್ಲಿ ಮೂರನೇ ಸೆಟ್ಟಿಗೇ ಸಿಕ್ಕಿಬಿದ್ದೆ. ಬೆಂಚ್‌ನಿಂದ ಮೊಣಕೈ ನೋವು, ನಿದ್ದೆ ಸರಿ ಇಲ್ಲ. ಜಿಮ್‌ನಲ್ಲಿ ಗೆಳೆಯರು ‘ಹುಚ್ಚು ಹಿಡದದೇನು ನಿನಗ, ಇಷ್ಟು ಸೆಟ್ ಯಾರು ಮಾಡ್ತಾರ?’ ಅಂತಾರೆ. ಒಬ್ಬ ಸ್ಮೊಲೊವ್ ಅನ್ನುವ ಸ್ಕ್ವಾಟ್ ಪ್ರೋಗ್ರಾಮ್ ಮಾಡು ಅಂತಾನೆ. ಮಿಲ್ಲಿನಲ್ಲಿ ಲೋಡಿಂಗ್ ಇದ್ದ ದಿನ ಹಮಾಲರ ಜೊತೆ ನಾನೂ ಚೀಲಕ್ಕೆ ಕೈ ಹಾಕಬೇಕಾಗುತ್ತದೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಪ್ರೋಗ್ರಾಮ್ ಬಿಡಬೇಕಾ, ಮುಂದುವರಿಸಬೇಕಾ? ಮೂರೂ ಲಿಫ್ಟ್‌ಗಳ ವಿಡಿಯೊ ಕಳಿಸಿದ್ದೇನೆ.

ಉತ್ತರ: ಬಿಡಬೇಡಿ. ಆದರೆ ಈಗ ಮಾಡುತ್ತಿರುವ ಹಾಗೆ ಇನ್ನೊಂದು ದಿನವೂ ಮುಂದುವರಿಸಬೇಡಿ. ಒಂದು ವಾರ ಹಗುರವಾಗಿ ಮಾಡಿ, ನಿಮ್ಮ ನಂಬರ್‌ಗಳನ್ನು ಹೊಸದಾಗಿ ಲೆಕ್ಕ ಹಾಕಿ, ಮತ್ತೆ ಶುರು ಮಾಡಿ. 13 ವಾರ ಇದೆ, ಸಮಯ ಸಾಕು. ನಿಮ್ಮ ವಿಡಿಯೊ ನೋಡಿದ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ತೊಂದರೆ ಪ್ರೋಗ್ರಾಮಿನಲ್ಲಿ ಇಲ್ಲ. ಅದಕ್ಕೆ ನೀವು ಕೊಟ್ಟ ಮೂರು ನಂಬರ್‌ಗಳಲ್ಲಿ ಇದೆ.

ಮೊದಲು 170 ವಿಚಾರಕ್ಕೆ ಬರೋಣ. ಆ ವಿಡಿಯೊದಲ್ಲಿ ನಿಮ್ಮ ಹಿಂದೆ ನಿಂತ ಗೆಳೆಯನ ಎರಡೂ ಕೈ ನಿಮ್ಮ ಎದೆಯ ಪಕ್ಕದಲ್ಲಿವೆ. ಮೇಲೆ ಬರುವಾಗ ಅವರು ಎತ್ತಿದ್ದಾರೆ, ಸ್ವಲ್ಪವೇ ಇರಬಹುದು, ಆದರೆ ಎತ್ತಿದ್ದಾರೆ. ಆಳವೂ ಇಲ್ಲ. ಸ್ಪರ್ಧೆಯಲ್ಲಿ ತೊಡೆಯ ಸಂದು ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಹೋಗಲೇಬೇಕು. ನಿಮ್ಮದು ನಾಲ್ಕು ಬೆರಳು ಮೇಲೇ ತಿರುಗಿದೆ. ಮೂವರು ರೆಫರಿಗಳಲ್ಲಿ ಕನಿಷ್ಠ ಇಬ್ಬರು ಬಿಳಿ ದೀಪ ಕೊಟ್ಟರೆ ಮಾತ್ರ ಲಿಫ್ಟ್ ಲೆಕ್ಕಕ್ಕೆ ಬರುತ್ತದೆ. ಈ 170ಕ್ಕೆ ಮೂರೂ ಕೆಂಪು ಬೀಳುತ್ತವೆ. ಅದೇ ಇನ್ನೊಂದು ವಿಡಿಯೊದಲ್ಲಿ 150 ಇದೆ ನೋಡಿ. ಅದು ಚೆನ್ನಾಗಿದೆ. ಆಳ ಇದೆ, ಯಾರೂ ಮುಟ್ಟಿಲ್ಲ, ಅರ್ಧಕ್ಕೆ ಬಂದಾಗ ಬಾರ್ ಒಂದು ಕ್ಷಣ ನಿಂತು ಮತ್ತೆ ಏರಿದೆ. ಅದೇ ನಿಮ್ಮ ನಿಜವಾದ ಮ್ಯಾಕ್ಸ್, ಅಂದರೆ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರ.

ಈಗ ಲೆಕ್ಕ ನೋಡಿ. ಪ್ರೋಗ್ರಾಮ್ 80 ಪರ್ಸೆಂಟ್‌ನಲ್ಲಿ ಮೂರು ರೆಪ್, ಐದು ಸೆಟ್ ಕೇಳಿತು, ಅಂದರೆ ಒಂದು ಸೆಟ್ಟಿಗೆ ಮೂರು ಸಲ ಎತ್ತುವುದು, ಅಂಥ ಐದು ಸೆಟ್. ನೀವು 170ರ 80 ಪರ್ಸೆಂಟ್ ಅಂತ 136 ಹಾಕಿದಿರಿ. 150ಕ್ಕೆ ಹೋಲಿಸಿದರೆ 136 ಅಂದರೆ ಸುಮಾರು 91 ಪರ್ಸೆಂಟ್. 91 ಪರ್ಸೆಂಟ್‌ನಲ್ಲಿ ಮೂರು ರೆಪ್ಪಿನ ಐದು ಸೆಟ್ ಸಾಮಾನ್ಯವಾಗಿ ಯಾರಿಂದಲೂ ಆಗುವ ಕೆಲಸ ಅಲ್ಲ. ನೀವು ಎರಡು ಸೆಟ್ ಮುಗಿಸಿದ್ದೇ ದೊಡ್ಡದು.

ಬೆಂಚ್‌ನಲ್ಲೂ ಇದೇ ಕಥೆ. 110 ಅನ್ನು ನೀವು ಎದೆಗೆ ಬಡಿಸಿ ಪುಟಿಸಿದ್ದೀರಿ. ಸ್ಪರ್ಧೆಯಲ್ಲಿ ಬಾರ್ ಎದೆಯ ಮೇಲೆ ಅಲುಗಾಡದೆ ನಿಲ್ಲಬೇಕು, ರೆಫರಿ ‘ಪ್ರೆಸ್’ ಅಂದ ಮೇಲೇ ಒತ್ತಬೇಕು. ಹಾಗೆ ನಿಲ್ಲಿಸಿದರೆ ನಿಮ್ಮದು 100ರ ಆಸುಪಾಸು. ಡೆಡ್‌ಲಿಫ್ಟ್ 200 ಸ್ಟ್ರ್ಯಾಪ್ (ಕೈ ಜಾರದಂತೆ ಬಾರಿಗೆ ಸುತ್ತುವ ಪಟ್ಟಿ) ಹಾಕಿ ಎತ್ತಿದ್ದು. ಸ್ಪರ್ಧೆಯಲ್ಲಿ ಸ್ಟ್ರ್ಯಾಪ್ ಇಲ್ಲ. ಬರಿಗೈಲಿ 180 ಎತ್ತಿದ್ದೇನೆ ಅಂತ ನೀವೇ ವಿಡಿಯೊ ಕೆಳಗೆ ಬರೆದಿದ್ದೀರಿ, ಅದನ್ನೇ ಹಿಡಿಯೋಣ.

ಹಾಗಾದರೆ ಮೂರೂ ಲಿಫ್ಟ್ ಕೂಡಿಸಿದ ಟೋಟಲ್ 480 ಇದ್ದದ್ದು 430 ಆಯಿತು. ಬೇಜಾರಾಗಬೇಡಿ. ಮೊದಲ ಸ್ಪರ್ಧೆಗೆ ಬರುವ ಹತ್ತು ಹುಡುಗರಲ್ಲಿ ಎಂಟು ಜನರ ಕಥೆ ಇದೇ. ಜಿಮ್ ಮ್ಯಾಕ್ಸ್ ಬೇರೆ, ಪ್ಲಾಟ್‌ಫಾರ್ಮ್ ಮ್ಯಾಕ್ಸ್ ಬೇರೆ.

ಇಷ್ಟೇ ಅಲ್ಲ, ಈ 430ರ ಮೇಲೂ ನೇರವಾಗಿ ಪರ್ಸೆಂಟ್ ಹಾಕಬೇಡಿ. ಅದರ 95 ಪರ್ಸೆಂಟ್ ತೆಗೆದುಕೊಳ್ಳಿ. ಸ್ಕ್ವಾಟ್‌ಗೆ 142.5, ಬೆಂಚ್‌ಗೆ 95, ಡೆಡ್‌ಲಿಫ್ಟ್‌ಗೆ 170. ಇದಕ್ಕೆ ಟ್ರೇನಿಂಗ್ ಮ್ಯಾಕ್ಸ್ ಅನ್ನುತ್ತೇವೆ. ಮ್ಯಾಕ್ಸ್ ಅನ್ನುವುದು ಒಳ್ಳೆ ದಿನ, ಹೊಟ್ಟೆ ತುಂಬಿದಾಗ, ಹುಮ್ಮಸ್ಸು ಇದ್ದಾಗ ಎತ್ತಿದ್ದು. ಪ್ರೋಗ್ರಾಮ್ ಮಾಡುವುದು ಮಾಮೂಲಿ ಬುಧವಾರದ ಸಂಜೆ, ಮಿಲ್ಲಿನ ಕೆಲಸ ಮುಗಿಸಿ ಬಂದ ಮೇಲೆ.

ಇನ್ನೊಂದು ಮಾತು. ನಿಮ್ಮ ಜಿಮ್ಮಿನ ಬಾರ್ ಎಷ್ಟು ತೂಗುತ್ತದೆ ಅಂತ ಯಾರಾದರೂ ನೋಡಿದ್ದೀರಾ? ಸ್ಪರ್ಧೆಯ ಬಾರ್ 20 ಕೆಜಿ, ಪ್ಲೇಟ್ ಜಾರದಂತೆ ಹಿಡಿಯುವ ಎರಡು ಕಾಲರ್ ತಲಾ 2.5 ಕೆಜಿ, ಒಟ್ಟು 25. ಊರಿನ ಜಿಮ್‌ಗಳಲ್ಲಿ 15 ಕೆಜಿಯ ಬಾರನ್ನು ಎಲ್ಲರೂ 20 ಅಂತ ಎಣಿಸುವುದು ಉಂಟು. ಪ್ಲೇಟ್ ಮೇಲೆ 20 ಅಂತ ಬರೆದಿದ್ದು 18.5 ಇರುವುದೂ ಉಂಟು. ನೀವು ಮಿಲ್ಲಿನಲ್ಲಿ ಇದ್ದೀರಿ, ದೊಡ್ಡ ತಕ್ಕಡಿ ಕಾಟಾ ಕೈಗೆ ಸಿಗುತ್ತದೆ. ಜಿಮ್ ಮಾಲೀಕರನ್ನು ಕೇಳಿ, ಒಂದು ಭಾನುವಾರ ಬಾರ್ ಮತ್ತು ನೀವು ಬಳಸುವ ಪ್ಲೇಟ್‌ಗಳನ್ನು ತೂಗಿಸಿ. ಮೇಲೆ ಪೇಂಟ್‌ನಲ್ಲಿ ನಿಜವಾದ ತೂಕ ಬರೆಯಿರಿ. ಹೆಚ್ಚು ಸೆಟ್‌ಗಳ ಪ್ರೋಗ್ರಾಮ್ ಪೂರ್ತಿ ಲೆಕ್ಕದ ಮೇಲೆ ನಿಂತಿರುವುದು. ತಕ್ಕಡಿಯೇ ಸುಳ್ಳು ಹೇಳಿದರೆ ಉಳಿದದ್ದೆಲ್ಲ ಸುಮ್ನೆ.

ಈಗ ಗೆಳೆಯರ ‘ಇಷ್ಟು ಸೆಟ್ ಯಾರು ಮಾಡ್ತಾರ’ ಅನ್ನುವ ಪ್ರಶ್ನೆ. ಬೋರಿಸ್ ಶೇಕೋ ರಷ್ಯಾದ ರಾಷ್ಟ್ರೀಯ ತಂಡಕ್ಕೆ ತರಬೇತಿ ಕೊಟ್ಟವರು. ಅವರ ದಾರಿ ಹಳೆಯ ಸೋವಿಯತ್ ವೇಟ್‌ಲಿಫ್ಟಿಂಗ್‌ನಿಂದ ಬಂದದ್ದು. ಅಲ್ಲಿ ಕೋಚ್‌ಗಳು ತಿಂಗಳಿಗೆ ಎಷ್ಟು ಲಿಫ್ಟ್ ಆಯಿತು, ಸರಾಸರಿ ಎಷ್ಟು ಪರ್ಸೆಂಟ್‌ನಲ್ಲಿ ಆಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈ ಪ್ರೋಗ್ರಾಮ್‌ಗಳಲ್ಲಿ ಬಹುಪಾಲು ಕೆಲಸ 70ರಿಂದ 80 ಪರ್ಸೆಂಟ್ ನಡುವೆ. ಒಂದು ಸೆಟ್ಟಿಗೆ ಎರಡು, ಮೂರು, ಜಾಸ್ತಿ ಅಂದರೆ ಐದಾರು ರೆಪ್. ಒಂದೇ ದಿನ ಸ್ಕ್ವಾಟ್ ಮಾಡಿ, ಬೆಂಚ್ ಮಾಡಿ, ಮತ್ತೆ ಸ್ಕ್ವಾಟ್‌ಗೆ ಬರುವುದು ಇದರ ಗುರುತು. ಯಾವ ಸೆಟ್ಟೂ ಸೋಲುವವರೆಗೆ ಹೋಗಲ್ಲ. ಇದು ನಿಮ್ಮ ಗೆಳೆಯರಿಗೆ ಅರ್ಥವಾಗದ ಜಾಗ. ಅವರು ಬಾಡಿಬಿಲ್ಡಿಂಗ್ ಕಲಿತವರು, ಕೊನೆಯ ರೆಪ್ಪಿನಲ್ಲಿ ನಡುಗದಿದ್ದರೆ ಸೆಟ್ ವೇಸ್ಟ್ ಅನ್ನುತ್ತಾರೆ. ಅವರ ಕೆಲಸಕ್ಕೆ ಅದು ಸರಿಯೇ ಇರಬಹುದು. ನಿಮಗೆ ಬೇಕಾದ್ದು ಒಂದೇ ತರಹದ ಸಾವಿರ ಸ್ಕ್ವಾಟ್. ಮೊದಲ ರೆಪ್ಪಿಗೂ ಇಪ್ಪತ್ತನೇ ರೆಪ್ಪಿಗೂ ವಿಡಿಯೊದಲ್ಲಿ ವ್ಯತ್ಯಾಸ ಕಾಣಬಾರದು.

ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿದ್ದೀರಲ್ಲ. ಅವರು ವರ್ಷವಿಡೀ ಅದೇ ಕಲ್ಲನ್ನು ಎತ್ತುತ್ತಾ ಕೂರಲ್ಲ. ಗರಡಿಮನೆಯಲ್ಲಿ ದಿನಾ ಬೈಠಕ್, ದಂಡ, ಚಿಕ್ಕ ಗುಂಡು. ದೊಡ್ಡ ಕಲ್ಲು ಜಾತ್ರೆ ದಿನಕ್ಕೆ. ರಷ್ಯನ್ ಕೋಚ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಒಂದು ಸೆಷನ್‌ನಲ್ಲಿ ಎಷ್ಟು ಲಿಫ್ಟ್ ಸರಿ ಅನ್ನುವುದಕ್ಕೆ ಪ್ರಿಲೆಪಿನ್ ಅನ್ನುವ ಸೋವಿಯತ್ ಕೋಚ್‌ನ ಒಂದು ಟೇಬಲ್ ಇದೆ. 70ರಿಂದ 80 ಪರ್ಸೆಂಟ್‌ಗೆ ಸುಮಾರು 18 ರೆಪ್, 80ರಿಂದ 90ಕ್ಕೆ 15, 90 ದಾಟಿದರೆ 4ರಿಂದ 10 ಒಳಗೆ. ಅದು ವೇಟ್‌ಲಿಫ್ಟಿಂಗ್‌ನ ಎರಡು ಲಿಫ್ಟ್‌ಗಳಾದ ಸ್ನ್ಯಾಚ್, ಕ್ಲೀನ್ ಆಂಡ್ ಜರ್ಕ್‌ಗೆ ಮಾಡಿದ್ದು. ನಾವು ಸ್ಕ್ವಾಟ್, ಬೆಂಚ್‌ನಲ್ಲಿ ಇದಕ್ಕಿಂತ ಸ್ವಲ್ಪ ಮೇಲೆ ಹೋಗಬಹುದು. ಆದರೂ ನೀವು ಮಾಡಲು ಹೊರಟಿದ್ದು 91 ಪರ್ಸೆಂಟ್‌ನಲ್ಲಿ 15. ಯಾವ ಟೇಬಲ್ ಇಟ್ಟು ನೋಡಿದರೂ ಅದು ಹೊಂದಲ್ಲ.

ಸ್ಮೊಲೊವ್ ಅಂದ ಗೆಳೆಯನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. ಅದರ ಮೊದಲ ಘಟ್ಟದಲ್ಲಿ ವಾರಕ್ಕೆ ನಾಲ್ಕು ದಿನ ಸ್ಕ್ವಾಟ್. 70 ಪರ್ಸೆಂಟ್‌ನಲ್ಲಿ 9ರ ನಾಲ್ಕು ಸೆಟ್, 75ರಲ್ಲಿ 7ರ ಐದು, 80ರಲ್ಲಿ 5ರ ಏಳು, 85ರಲ್ಲಿ 3ರ ಹತ್ತು. ಕೂಡಿಸಿದರೆ ವಾರಕ್ಕೆ 136 ರೆಪ್, ಪ್ರತಿ ವಾರ ಭಾರ ಮತ್ತೆ ಏರುತ್ತದೆ. ಮೊಣಕೈ ನೋವು ಇಟ್ಟುಕೊಂಡು, ಚೀಲ ಹೊತ್ತುಕೊಂಡು, ಬೇಸಿಗೆಯಲ್ಲಿ, ಮೊದಲ ಸ್ಪರ್ಧೆಗೆ? ಬೇಡ.

ಚೀಲದ ವಿಷಯ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಅದು ಬಹಳ ಮುಖ್ಯ ಅನಿಸಿತು. 50 ಕೆಜಿಯ ಚೀಲ ಒಂದು ದಿನಕ್ಕೆ 40 ಎತ್ತಿದಿರಿ ಅಂತಿಟ್ಟುಕೊಳ್ಳಿ. ಎರಡು ಟನ್ ಆಯಿತು. ನಿಮ್ಮ ಹೊಸ ಲೆಕ್ಕದಲ್ಲಿ ಡೆಡ್‌ಲಿಫ್ಟ್ 75 ಪರ್ಸೆಂಟ್ ಅಂದರೆ 127.5. ಮೂರು ರೆಪ್ಪಿನ ಐದು ಸೆಟ್ ಮಾಡಿದರೆ ಎರಡು ಟನ್ನಿಗೂ ಸ್ವಲ್ಪ ಕಡಿಮೆ. ಚೀಲ ಹಗುರ, ಡೆಡ್‌ಲಿಫ್ಟ್‌ನಷ್ಟು ಸ್ನಾಯುವಿಗೆ ಕೆಲಸ ಕೊಡಲ್ಲ, ಒಪ್ಪುತ್ತೇನೆ. ಆದರೆ ಸೊಂಟ ಬಗ್ಗಿ, ತಿರುಗಿ, ಲಾರಿಗೆ ಹಾಕುವುದರಲ್ಲಿ ಬೆನ್ನು ದಣಿಯುತ್ತದೆ. ಅದನ್ನು ಡೈರಿಯಲ್ಲಿ ಬರೆಯಿರಿ. ‘ಮಂಗಳವಾರ, ಚೀಲ 40’ ಅಂತ. ಲೋಡಿಂಗ್ ಯಾವ ದಿನ ಅಂತ ಮೊದಲೇ ಗೊತ್ತಾಗುವುದಾದರೆ ಅದರ ಮರುದಿನ ಡೆಡ್‌ಲಿಫ್ಟ್ ಇಡಬೇಡಿ. ಗೊತ್ತಾಗದಿದ್ದರೆ, ಲೋಡಿಂಗ್ ಆದ ಮರುದಿನ ಡೆಡ್‌ಲಿಫ್ಟ್‌ನ ಸೆಟ್ ಅರ್ಧ ಮಾಡಿ, ಭಾರ ಅಷ್ಟೇ ಇರಲಿ. ತೊಗರಿ ಸೀಜನ್‌ನಲ್ಲಿ ಕೆಲಸ ಮಾಡಿದ್ದೀರಿ, ಯಾವ ವಾರ ಲಾರಿ ಸಾಲು ಹಚ್ಚುತ್ತವೆ ಅನ್ನುವುದು ನನಗಿಂತ ನಿಮಗೆ ಗೊತ್ತು.

13 ವಾರ ಹೀಗೆ ಹಂಚಿಕೊಳ್ಳಿ. ಮೊದಲ ವಾರ ಬರೀ 60 ಪರ್ಸೆಂಟ್, ಮೂರು ರೆಪ್, ನಾಲ್ಕು ಸೆಟ್, ಮೂರೂ ಲಿಫ್ಟ್. ಬೋರ್ ಹೊಡೆಯುತ್ತದೆ, ಹೊಡೆಯಲಿ. ಮುಂದಿನ ನಾಲ್ಕು ವಾರ ಲಿಫ್ಟ್‌ಗಳ ಸಂಖ್ಯೆಯನ್ನು ಮೆಲ್ಲಗೆ ಏರಿಸಿ. ಸ್ಕ್ವಾಟ್‌ನಲ್ಲಿ 60 ಪರ್ಸೆಂಟ್ ಮತ್ತು ಮೇಲಿನ ರೆಪ್ ಮಾತ್ರ ಎಣಿಸಿ. ವಾರಕ್ಕೆ 40, ಆಮೇಲೆ 50, 60, 70. ಬೆಂಚ್ ಇದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು, ಡೆಡ್‌ಲಿಫ್ಟ್ ಸ್ಕ್ವಾಟ್‌ನ ಅರ್ಧದಷ್ಟು ಸಾಕು. ಆರನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಏಳರಿಂದ ಹತ್ತನೇ ವಾರ ಮುಖ್ಯ ಕೆಲಸ. ಇಲ್ಲಿ ರೆಪ್ 55ರಿಂದ 70ರ ನಡುವೆ ಒಂದು ವಾರ ಏರಲಿ, ಒಂದು ವಾರ ಇಳಿಯಲಿ. ಭಾರ 80, 85 ಪರ್ಸೆಂಟ್‌ಗೆ ಹೋಗಲಿ. ಕೊನೆಯ ಮೂರು ವಾರ ಸ್ಪರ್ಧೆಗೆ ಇಳಿಸುವುದು. ಅದನ್ನು ಆಮೇಲೆ ಹೇಳುತ್ತೇನೆ.

ಮೂರನೇ ವಾರದ ಸೋಮವಾರ ಹೇಗಿರುತ್ತದೆ ಅಂತ ಪೂರ್ತಿ ಬರೆಯುತ್ತೇನೆ, ಉಳಿದದ್ದನ್ನು ನೀವೇ ಹೊಂದಿಸಬಹುದು. ಸ್ಕ್ವಾಟ್ 50 ಪರ್ಸೆಂಟ್‌ನಲ್ಲಿ 5, 60ರಲ್ಲಿ 4, 70ರಲ್ಲಿ 3 ರೆಪ್ಪಿನ ಎರಡು ಸೆಟ್. ಆಮೇಲೆ 75ರಲ್ಲಿ, ಅಂದರೆ 107.5 ಕೆಜಿಯಲ್ಲಿ, 3ರ ನಾಲ್ಕು ಸೆಟ್. ಸೆಟ್ ನಡುವೆ ಮೂರು ನಿಮಿಷ. ನಂತರ ಬೆಂಚ್, ಇದೇ ಮಾದರಿ, 75ರಲ್ಲಿ 3ರ ಐದು ಸೆಟ್, ಪ್ರತಿ ರೆಪ್ಪಿಗೂ ಎದೆಯ ಮೇಲೆ ಒಂದು ಸೆಕೆಂಡ್ ನಿಲ್ಲಿಸಿ. ಮತ್ತೆ ಸ್ಕ್ವಾಟ್. 55ರಲ್ಲಿ 3, ಆಮೇಲೆ 65ರಲ್ಲಿ, 92.5 ಕೆಜಿ, 4 ರೆಪ್ಪಿನ ನಾಲ್ಕು ಸೆಟ್. ಎಣಿಸಿ ನೋಡಿ, 60 ಪರ್ಸೆಂಟ್ ಮತ್ತು ಮೇಲಿನ ಸ್ಕ್ವಾಟ್ 38 ಆಯಿತು. ಶುಕ್ರವಾರ 60ರಲ್ಲಿ 3 ಮತ್ತು 70ರಲ್ಲಿ 3ರ ಮೂರು ಸೆಟ್ ಸೇರಿದರೆ 12. ವಾರಕ್ಕೆ 50. ಬುಧವಾರ ಡೆಡ್‌ಲಿಫ್ಟ್ ಮತ್ತು ಹಗುರ ಬೆಂಚ್.

136 ಹಾಕುತ್ತಿದ್ದವನು 107.5 ಹಾಕಿದರೆ ಜಿಮ್‌ನಲ್ಲಿ ಯಾರಾದರೂ ನಗುತ್ತಾರೆ. ನಗಲಿ ಬಿಡಿ.

ಎರಡನೇ ಸಲ ಸ್ಕ್ವಾಟ್‌ಗೆ ಬಂದಾಗ ವಿಡಿಯೊಗೆ ಫೋನ್ ಇಡಿ. ನೀರಿನ ಬಾಟಲಿಗೆ ಒರಗಿಸಿ, ಸೊಂಟದ ಎತ್ತರದ ಬೆಂಚಿನ ಮೇಲೆ, ಸ್ವಲ್ಪ ಓರೆಯಾಗಿ. ದಣಿದ ಮೇಲೆ ಏನು ಮುರಿಯುತ್ತದೆ ಅನ್ನುವುದು ಅಲ್ಲೇ ಕಾಣುತ್ತದೆ. ನಿಮ್ಮ ವಿಡಿಯೊದಲ್ಲಿ ನನಗೆ ಕಂಡದ್ದು ಇದು: ಮೊದಲ ರೆಪ್ಪಿನಲ್ಲಿ ಎದೆ ಮತ್ತು ಸೊಂಟ ಒಟ್ಟಿಗೆ ಏಳುತ್ತವೆ. ಮೂರನೇ ರೆಪ್ಪಿನಲ್ಲಿ ಸೊಂಟ ಮೊದಲು ಮೇಲಕ್ಕೆ ಹೋಗುತ್ತದೆ, ಬಾರ್ ಬೆರಳುಗಳ ಕಡೆ ಮುಂದಕ್ಕೆ ವಾಲುತ್ತದೆ, ಎಡ ಹಿಮ್ಮಡಿ ಒಂದು ಕೂದಲೆಳೆಯಷ್ಟು ಏಳುತ್ತದೆ. 75 ಪರ್ಸೆಂಟ್‌ನಲ್ಲಿ ಇದನ್ನು ಸರಿ ಮಾಡಲು ಸಮಯ ಸಿಗುತ್ತದೆ. 90ರಲ್ಲಿ ಜೀವ ಉಳಿದರೆ ಸಾಕು ಅನಿಸುತ್ತದೆ. ಸೆಟ್ಟಿನ ಕೊನೆಗೆ ನಿಮ್ಮನ್ನೇ ಕೇಳಿಕೊಳ್ಳಿ, ಇನ್ನೂ ಎಷ್ಟು ರೆಪ್ ಆಗುತ್ತಿತ್ತು? ಮೂರೋ ಎರಡೋ ಅಂದರೆ ಸರಿ. ಒಂದೇ ಅಂದರೆ ಮುಂದಿನ ಸೆಟ್ 5 ಕೆಜಿ ಇಳಿಸಿ, ಯೋಚನೆ ಮಾಡದೆ ಇಳಿಸಿ. ಎರಡು ವಾರ ಎಲ್ಲ ಸೆಟ್ಟಿನಲ್ಲೂ ನಾಲ್ಕೈದು ಉಳಿಯುತ್ತಿದ್ದರೆ ಟ್ರೇನಿಂಗ್ ಮ್ಯಾಕ್ಸ್ 2.5 ಏರಿಸಿ.

ಮೊಣಕೈ ನೋವಿಗೆ ಬೆಂಚ್ ಕಾರಣ ಅಂತ ನೀವು ಬರೆದಿದ್ದೀರಿ. ನನಗೆ ಸ್ಕ್ವಾಟ್ ಮೇಲೆ ಅನುಮಾನ. ಬಾರನ್ನು ಬೆನ್ನಿನ ಮೇಲೆ ಬಹಳ ಕೆಳಗೆ ಇಟ್ಟು, ಕೈ ತುಂಬ ಹತ್ತಿರ ಹಿಡಿದಿದ್ದೀರಿ. ಮಣಿಕಟ್ಟು ಹಿಂದಕ್ಕೆ ಮಡಚಿದೆ, ಭಾರದ ಒಂದು ಪಾಲು ಮೊಣಕೈ ಹೊರುತ್ತಿದೆ. ವಾರಕ್ಕೆ ಒಮ್ಮೆ ಸ್ಕ್ವಾಟ್ ಮಾಡುವಾಗ ಇದು ಗೊತ್ತೇ ಆಗಲ್ಲ. ವಾರಕ್ಕೆ ಮೂರು ಸಲ, ಅದೂ ಬೆಂಚ್‌ಗೆ ಮೊದಲು ಮಾಡಿದರೆ ಎರಡನೇ ವಾರಕ್ಕೆ ಕೂಗುತ್ತದೆ. ಕೈಯನ್ನು ಎರಡೂ ಕಡೆ ಒಂದೊಂದು ಗೇಣು ಹೊರಗೆ ಸರಿಸಿ. ಸೋಮವಾರದ ಎರಡನೇ ಸ್ಕ್ವಾಟ್ ಮತ್ತು ಶುಕ್ರವಾರದ್ದನ್ನು ಬಾರನ್ನು ಬೆನ್ನಿನ ಇನ್ನೂ ಮೇಲೆ, ಕತ್ತಿನ ಬುಡದ ಹತ್ತಿರ ಇಟ್ಟು ಮಾಡಿ. ಮಣಿಕಟ್ಟಿಗೆ ಪಟ್ಟಿ, ಅಂದರೆ ರಿಸ್ಟ್ ರ‍್ಯಾಪ್ ಕಟ್ಟಿ. ಎರಡು ವಾರದಲ್ಲಿ ಇಳಿಯಬೇಕು. ಇಳಿಯದಿದ್ದರೆ, ಅಥವಾ ಬೆರಳು ಜೋಮು ಹಿಡಿದರೆ, ಮೂಳೆ ಡಾಕ್ಟರ್ ಹತ್ತಿರ ಹೋಗಿ. ಸೊಂಟದಿಂದ ಕಾಲಿಗೆ ಎಳೆತ ಬಂದರೆ ಅವತ್ತೇ ನಿಲ್ಲಿಸಿ. ಜಿಮ್‌ನಲ್ಲಿ ಬೆನ್ನು ‘ಕಟಕ್’ ಅನಿಸುವವರ ಕೈಗೆ ಮಾತ್ರ ಕೊಡಬೇಡಿ.

ಇನ್ನು ಬಿಸಿಲು. ನಿಮ್ಮ ಮುಖ್ಯ ನಾಲ್ಕು ವಾರ ಬೀಳುವುದು ಏಪ್ರಿಲ್, ಮೇನಲ್ಲಿ. ನಮ್ಮ ಕಡೆ ಸರ್ಕಾರಿ ಆಫೀಸುಗಳೇ ಆ ಎರಡು ತಿಂಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. 42 ಡಿಗ್ರಿಯಲ್ಲಿ ತಗಡಿನ ಶೀಟ್ ಕೆಳಗಿನ ಜಿಮ್ ಸಂಜೆ ಆರಕ್ಕೆ ಒಲೆಯಾಗಿರುತ್ತದೆ. ಆಗ 75 ಪರ್ಸೆಂಟ್ ಕೂಡ ಭಾರ ಅನಿಸುತ್ತದೆ, ಬಾರ್ ಬೆವರಿಗೆ ಜಾರುತ್ತದೆ. ಆಗುವುದಾದರೆ ಬೆಳಗ್ಗೆ ಐದೂವರೆಗೆ ಹೋಗಿ. ಮಾಲೀಕರು ಕೀಲಿ ಕೊಡುತ್ತಾರಾ ಕೇಳಿ. ಇಲ್ಲ ಅಂದರೆ ರಾತ್ರಿ ಎಂಟರ ನಂತರ. ಸೆಷನ್‌ಗೆ ಮೊದಲು, ಆಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲು, ಒಂದೂವರೆ ಲೀಟರ್ ಕುಡಿಯಿರಿ. ಬರೀ ನೀರಲ್ಲ, ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಶರಬತ್ತು. ಲೋಡಿಂಗ್ ದಿನ ಇದು ಇನ್ನೂ ಮುಖ್ಯ. ಕರೆಂಟ್ ಹೋದ ರಾತ್ರಿ ಕೋಣೆಯಲ್ಲಿ ಬೆಂದುಹೋಗಬೇಡಿ, ಮಾಳಿಗೆ ಮೇಲೆ ಮಲಗಿ. ಹೆಚ್ಚು ಸೆಟ್‌ಗಳ ಕೆಲಸಕ್ಕೆ ನಿದ್ದೆ ಏಳೆಂಟು ಗಂಟೆ ಬೇಕೇ ಬೇಕು. ಎರಡು ರಾತ್ರಿ ನಿದ್ದೆ ಕೆಟ್ಟರೆ ಮರುದಿನದ ಎರಡನೇ ಸ್ಕ್ವಾಟ್ ಕೈಬಿಡಿ. ಪ್ರೋಗ್ರಾಮ್ ಕೋಪ ಮಾಡಿಕೊಳ್ಳಲ್ಲ.

ಹಾಂ, ನೆಲ. ವಿಡಿಯೊದಲ್ಲಿ ನೀವು ಡೆಡ್‌ಲಿಫ್ಟ್ ಮಾಡುವ ಜಾಗ ಶಹಾಬಾದ್ ಕಲ್ಲಿನದು, ಮೇಲೆ ತೆಳ್ಳನೆ ಮ್ಯಾಟ್. ಕಲ್ಲು ಒಡೆಯುತ್ತದೆ ಅನ್ನುವ ಭಯಕ್ಕೆ ನೀವು ಭಾರವನ್ನು ತುಂಬಾ ನಿಧಾನ ಇಳಿಸುತ್ತಿದ್ದೀರಿ. ಐದು ಸೆಟ್ ಹಾಗೆ ಇಳಿಸಿದರೆ ಬೆನ್ನಿಗೆ ಎರಡು ಪಟ್ಟು ಕೆಲಸ. ದಪ್ಪ ಪ್ಲೈವುಡ್ ಎರಡು ಪದರ, ಮೇಲೆ ಪ್ಲೇಟ್ ಬೀಳುವ ಕಡೆ ರಬ್ಬರ್ ಶೀಟ್ ಹಾಕಿಸಿ. ನಾಲ್ಕೈದು ಜನ ಹಂಚಿಕೊಂಡರೆ ದೊಡ್ಡ ಖರ್ಚಲ್ಲ. ಬಾರನ್ನು ಕೈ ಬಿಡದೆ, ಆದರೆ ಬೇಗ ಇಳಿಸಿ. ಸ್ಪರ್ಧೆಯಲ್ಲೂ ‘ಡೌನ್’ ಅಂದ ಮೇಲೆ ಕೈ ಹಿಡಿದೇ ಇಳಿಸಬೇಕು, ಬಿಟ್ಟರೆ ಲಿಫ್ಟ್ ಹೋಯಿತು.

ಊಟದ ಬಗ್ಗೆ ನೀವು ಹೆದರಿದಷ್ಟು ಕಷ್ಟ ಇಲ್ಲ. ನಿಮ್ಮ ತೂಕಕ್ಕೆ ದಿನಕ್ಕೆ 130ರಿಂದ 160 ಗ್ರಾಂ ಪ್ರೊಟೀನ್ ಇದ್ದರೆ ಸಾಕು. ಬೇಳೆ ಮಿಲ್ಲಿನಲ್ಲೇ ಇದ್ದೀರಿ. ತೊಗರಿಬೇಳೆ ಹಸಿಯಾಗಿ 100 ಗ್ರಾಂ ತೂಗಿದರೆ 22 ಗ್ರಾಂ ಪ್ರೊಟೀನ್. ನಾಲ್ಕು ಜೋಳದ ರೊಟ್ಟಿಯಲ್ಲಿ 24ರ ಹತ್ತಿರ. ನಾಲ್ಕು ಮೊಟ್ಟೆ 24. ಅರ್ಧ ಲೀಟರ್ ಹಾಲು 16, ಒಂದು ಬಟ್ಟಲು ಮೊಸರು 7. ಶೇಂಗಾ 50 ಗ್ರಾಂನಲ್ಲಿ 12. ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26. ಇಷ್ಟಕ್ಕೇ 131 ಆಯಿತು. ಜನ ಎಡವುವುದು ಬೇಳೆಯಲ್ಲಿ. ತೆಳ್ಳನೆ ಸಾರು ಎರಡು ಸೌಟು ಹಾಕಿಕೊಂಡು ಬೇಳೆ ತಿಂದೆ ಅಂತಾರೆ. ಗಟ್ಟಿ ಬ್ಯಾಳಿ ಪಲ್ಯ ಮಾಡಿಸಿ, ಅಥವಾ ಪುಂಡಿಪಲ್ಯದಲ್ಲಿ ಬೇಳೆ ಜಾಸ್ತಿ ಹಾಕಿಸಿ. ರೊಟ್ಟಿ, ಅನ್ನ ಕಡಿಮೆ ಮಾಡಬೇಡಿ. ಇಷ್ಟು ಸೆಟ್ ಮಾಡುವವನಿಗೆ ಅದೇ ಇಂಧನ. ನೀವು 81 ಇದ್ದೀರಿ, ವಿಭಾಗ 83. ತೂಕ ಇಳಿಸುವ ತಲೆನೋವೇ ಇಲ್ಲ, ಒಂದೂವರೆ ಕೆಜಿ ಏರಿದರೂ ನಡೆಯುತ್ತದೆ.

ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಳ್ಳಬಹುದು, ಅದು ನಿಷೇಧಿತ ಅಲ್ಲ. ಸ್ಟೆರಾಯ್ಡ್ ಇಂಜೆಕ್ಷನ್ ವಿಷಯ ನೀವು ಕೇಳಿಲ್ಲ, ಆದರೆ ಮೂರನೇ ವಾರದಲ್ಲಿ ಸುಸ್ತಾದ ಹುಡುಗನ ಹತ್ತಿರ ಅದನ್ನು ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ. ಡೋಪಿಂಗ್ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕರೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ಆರೋಗ್ಯದ ಮಾತು ಬೇರೆ. ಲೇಬಲ್ ಸರಿ ಇಲ್ಲದ ಪುಡಿ ಡಬ್ಬಿಗಳಿಂದಲೂ ದೂರ ಇರಿ.

ಕೊನೆಯ ಮೂರು ವಾರ. 11ನೇ ವಾರ ರೆಪ್ 40ಕ್ಕೆ ಇಳಿಯಲಿ, 12ನೇ ವಾರ 25ಕ್ಕೆ. ಭಾರ ಇಳಿಸಬೇಡಿ, ಸೆಟ್ ಇಳಿಸಿ. ಕೊನೆಯ ದೊಡ್ಡ ಡೆಡ್‌ಲಿಫ್ಟ್ ಸ್ಪರ್ಧೆಗೆ ಎರಡು ವಾರ ಮೊದಲು ಆಗಿಬಿಡಲಿ, ಸ್ಕ್ವಾಟ್ ಎಂಟು ಹತ್ತು ದಿನ ಮೊದಲು, ಬೆಂಚ್ ಐದಾರು ದಿನ ಮೊದಲು. ಇಲ್ಲಿ ಜಿಮ್‌ನವರು ‘ಒಂದು ಸಲ ಮ್ಯಾಕ್ಸ್ ನೋಡಿಬಿಡು’ ಅಂತ ಹುರಿದುಂಬಿಸುತ್ತಾರೆ. ನೋಡಬೇಡಿ. 90 ಪರ್ಸೆಂಟ್‌ನಲ್ಲಿ ಒಂದು ರೆಪ್ ಸಾಕು, ಅದೂ ಗೆಳೆಯನೊಬ್ಬ ರೆಫರಿಯಾಗಿ ನಿಂತು ಕೂಗುವ ಕಮಾಂಡ್‌ಗೆ. ಸ್ಕ್ವಾಟ್‌ಗೆ ‘ಸ್ಕ್ವಾಟ್’, ‘ರ‍್ಯಾಕ್’. ಬೆಂಚ್‌ಗೆ ‘ಸ್ಟಾರ್ಟ್’, ‘ಪ್ರೆಸ್’, ‘ರ‍್ಯಾಕ್’. ಡೆಡ್‌ಲಿಫ್ಟ್‌ಗೆ ‘ಡೌನ್’ ಮಾತ್ರ. ಹೊಸಬರು ಶಕ್ತಿ ಸಾಲದೆ ಸೋಲುವುದಕ್ಕಿಂತ ಕಮಾಂಡ್‌ಗೆ ಮೊದಲೇ ಬಾರ್ ಇಟ್ಟು ಸೋಲುವುದೇ ಜಾಸ್ತಿ.

ಪ್ರತಿ ಲಿಫ್ಟ್‌ಗೆ ಮೂರು ಅವಕಾಶ, ಮೂರೂ ಹೋದರೆ ಟೋಟಲ್ ಇಲ್ಲ, ಸ್ಪರ್ಧೆಯಿಂದಲೇ ಹೊರಗೆ. ಹಾಗಾಗಿ ಮೊದಲ ಸ್ಕ್ವಾಟ್ 135 ಬರೆಸಿ. ಜ್ವರ ಬಂದರೂ ಎತ್ತುವ ಭಾರ ಅದು. ಎರಡನೆಯದು 145. ಮೂರನೆಯದನ್ನು ಎರಡನೆಯದು ಹೇಗೆ ಬಂತು ನೋಡಿ ಹೇಳಿ, 152.5 ಅಥವಾ 155, ಹಾರಿಬಂದರೆ 157.5. ಬೆಂಚ್ 90ರಿಂದ, ಡೆಡ್‌ಲಿಫ್ಟ್ 162.5ರಿಂದ ಶುರು ಮಾಡಿ.

ಹೆಸರು ಕೊಡುವ ಮೊದಲು ಆ ಸ್ಪರ್ಧೆ ಯಾವ ಸಂಸ್ಥೆಯದು, ಅದರ ಮೇಲಿನ ರಾಜ್ಯ, ರಾಷ್ಟ್ರ ಮಟ್ಟಕ್ಕೆ ದಾರಿ ಇದೆಯಾ ಕೇಳಿಕೊಳ್ಳಿ. ಪವರ್‌ಲಿಫ್ಟಿಂಗ್‌ನಲ್ಲಿ ಸಂಸ್ಥೆಗಳು ಒಂದಕ್ಕಿಂತ ಹೆಚ್ಚು, ನಿಯಮವೂ ಅಲ್ಲಲ್ಲಿ ಬೇರೆ. ನಾನು ಇಲ್ಲಿ ಹೇಳಿದ್ದು ಅಂತರರಾಷ್ಟ್ರೀಯ ಫೆಡರೇಶನ್ ಐಪಿಎಫ್ ನಿಯಮ. ಅದರಲ್ಲಿ ತೂಕ ನೋಡುವುದು ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು. ತೂಕ ಆದ ತಕ್ಷಣ ತಿನ್ನಲು ಬಾಳೆಹಣ್ಣು, ಶೇಂಗಾ ಉಂಡೆ, ಉಪ್ಪು ಹಾಕಿದ ಮಜ್ಜಿಗೆ ಚೀಲದಲ್ಲಿ ಇರಲಿ. ಸಿಂಗ್ಲೆಟ್ (ಮೈಗೆ ಅಂಟುವ ಒಂದೇ ತುಂಡಿನ ಉಡುಪು) ಇಲ್ಲದೆ ಪ್ಲಾಟ್‌ಫಾರ್ಮ್ ಹತ್ತಿಸಲ್ಲ, ಅದನ್ನು ಈಗಲೇ ತರಿಸಿ, ಅಳತೆ ಹೊಂದದಿದ್ದರೆ ಬದಲಿಸಲು ಸಮಯ ಸಿಗುತ್ತದೆ. ಬೆಲ್ಟ್ ಅಗಲ 10 ಸೆಂಟಿಮೀಟರ್ ಮೀರಬಾರದು, ನಿಮ್ಮ ವಿಡಿಯೊದ ಬೆಲ್ಟ್ ಹಿಂದೆ ಅಗಲ, ಮುಂದೆ ಸಣ್ಣ, ಅದು ಪಾಸಾಗಲ್ಲ ಅನಿಸುತ್ತದೆ. ಅಳೆದು ನೋಡಿ. ಡೆಡ್‌ಲಿಫ್ಟ್‌ಗೆ ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದ ಸಾಕ್ಸ್ ಕಡ್ಡಾಯ. ಫುಟ್‌ಬಾಲ್ ಸಾಕ್ಸ್ ನಡೆಯುತ್ತದೆ, ಸೂಪರ್ ಮಾರ್ಕೆಟ್ ಕಡೆ ಸ್ಪೋರ್ಟ್ಸ್ ಅಂಗಡಿಯಲ್ಲಿ ಕೇಳಿ. ಎರಡು ಜೊತೆ ತಗೊಳ್ಳಿ, ಬಾರ್ ಉಜ್ಜಿ ಒಂದು ಜೊತೆ ಟ್ರೇನಿಂಗ್‌ನಲ್ಲೇ ಹರಿಯುತ್ತದೆ.